ಕಡಿಯದೆ ಬಿಟ್ಟ ಹೆಸರು

ದುರ್ಗದಬೈಲಿನ ಚಹಾದಂಗಡಿಯಲ್ಲಿ ನಾನು ಹೊಡೆದ ಮನುಷ್ಯ ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವನೇನೂ ನನ್ನ ತಂಟೆಗೆ ಬಂದಿರಲಿಲ್ಲ. ಎದುರು ಬೆಂಚಿನಲ್ಲಿ ಕೂತು, ಬಸಿಗೆ ಚಹಾ ಸುರುವಿಕೊಂಡು, ಮೊಬೈಲಿನಲ್ಲಿ ಒಂದು ಹಡಗು ಉರಿಯುವುದನ್ನು ಪಕ್ಕದವನಿಗೆ ತೋರಿಸುತ್ತಿದ್ದ. ಅದೇ ಹಡಗಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಅದರಿಂದ ಜೀವ ಉಳಿಸಿಕೊಂಡು ಹುಬ್ಬಳ್ಳಿಗೆ ಬಂದು ಮೂರು ವಾರವಾಗಿತ್ತು.

“ಛಲೋ ಆತ ಬಿಡು. ಯುದ್ಧ ಮಾಡೋ ಮಂದಿ ಹಡಗ, ಸುಡ್ಲಿ,” ಎಂದ ಅವನು.

ನನ್ನ ಬಾಯಿ ಸುಮ್ಮನಿರಲಿಲ್ಲ. “ಅದು ಅವರ ಹಡಗ ಅಲ್ರಿ,” ಎಂದೆ.

“ಅಲ್ಲ ಅಂದ್ರ ಹೆಂಗ್ರಿ? ಮೂತಿ ಮ್ಯಾಲ ಅವರ ಹೆಸರು ಕಾಣಸಾಕತ್ತೈತಲ್ಲ. ನೋಡ್ರಿಲ್ಲೆ,” ಎನ್ನುತ್ತ ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ.

ಅವನು ಹೇಳಿದ್ದು ಖರೆ. ಬೆಂಕಿಗೆ ಬಣ್ಣವೆಲ್ಲ ಸಿಪ್ಪೆಯೆದ್ದು ಉದುರಿ, ಅದರ ಕೆಳಗಿದ್ದ ಹಳೆಯ ಹೆಸರು ಒಂದೊಂದು ಅಕ್ಷರವೂ ಎದ್ದು ಕಾಣುತ್ತಿತ್ತು. ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ನನ್ನ ಮುಷ್ಟಿ ಅವನ ಬಾಯಿಗೆ ಬಿದ್ದಿತ್ತು. ಬಸಿ ಒಡೆಯಿತು. ಅವನ ತುಟಿ ಸೀಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಇನ್ನೊಂದು ಏಟು ಹಾಕಿದೆ, ಅದು ಕಿವಿಯ ಮೇಲೆ ಬಿತ್ತು. ನಾಲ್ಕು ಜನ ಹಿಡಿದೆಳೆಯದಿದ್ದರೆ ಮೂರನೆಯದೂ ಬೀಳುತ್ತಿತ್ತು. ಅಂಗಡಿಯ ಮಾಲೀಕ ನನ್ನ ತಂದೆ ಅಬ್ಬಾನ ಕಾಲದಿಂದ ನಮ್ಮನ್ನು ಬಲ್ಲವನು. ನನ್ನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ನೂಕಿ, “ಮನಿಗೆ ಹೋಗೋ ಹುಚ್ಚಾ, ಪೊಲೀಸರು ಬರೋದ್ರಾಗ ಹೋಗು,” ಎಂದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಇಡೀ ಓಣಿಗೆ ಗೊತ್ತು. ಆದರೆ ಅವತ್ತಿನದು ಸಿಟ್ಟಲ್ಲ, ಹೆದರಿಕೆ. ಆ ಹಳೆಯ ಹೆಸರು ಅಲ್ಲಿ ಯಾಕೆ ಉಳಿದಿತ್ತು ಎಂದು ಬಲ್ಲವನು ಬದುಕಿದವರಲ್ಲಿ ನಾನೊಬ್ಬನೇ. ಬಲ್ಲ ಇನ್ನೊಬ್ಬ ನನ್ನ ಗೆಳೆಯ, ಅವನನ್ನು ಶಿರಗುಪ್ಪಿಯಲ್ಲಿ ಮಣ್ಣು ಮಾಡಿ ಬಂದಿದ್ದೆವು. ಅವನ ಹೆಂಡತಿಯ ಕೈಯಲ್ಲೂ ಮೊಬೈಲಿತ್ತು. ಬೇರೆ ಯಾರೋ ತೋರಿಸುವ ಮೊದಲು ನಾನೇ ಅವಳಿಗೆ ಹೇಳಬೇಕಿತ್ತು, ಮೂರು ವಾರವಾದರೂ ಹೇಳಿರಲಿಲ್ಲ.

ಅಬ್ಬಾನ ವೆಲ್ಡಿಂಗ್ ಅಂಗಡಿ ಹಳೇ ಹುಬ್ಬಳ್ಳಿಯಲ್ಲಿತ್ತು. ಎರಡು ಸೈಕಲ್ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು, ಅಂಥ ಓಣಿ. ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರ್ ಟ್ರಾಲಿಗಳು ಓಣಿಯ ಬಾಯಲ್ಲೇ ನಿಲ್ಲುತ್ತಿದ್ದವು. ಟ್ರಾಲಿಯ ಹಿಂದಿನ ಹಲಗೆಯ ಮೇಲೆ ಮಾಲೀಕನ ಹೆಸರನ್ನು ಬೆಸುಗೆಯಲ್ಲೇ ಬರೆಯುವುದು ನಮ್ಮ ಕಡೆ ವಾಡಿಕೆ. ಟ್ರಾಲಿ ಕೈ ಬದಲಾದರೆ ಹೊಸ ಮಾಲೀಕ ತನ್ನ ಹೆಸರು ಹಾಕಿಸಲು ಬರುತ್ತಿದ್ದ. ಅಬ್ಬಾ ಹಳೆಯ ಹೆಸರನ್ನು ಎಂದೂ ಕಡಿಯುತ್ತಿರಲಿಲ್ಲ. ಉಬ್ಬು ಕಾಣದಂತೆ ಅದರ ಮೇಲೆ ಪುಟ್ಟಿಯ ಲಪ್ಪ ಹಚ್ಚಿ, ಬಣ್ಣ ಬಳಿದು, ಹೊಸದನ್ನು ಕೆಳಗೆ ಹಾಕುತ್ತಿದ್ದ. ಕಬ್ಬಿಣದ ಮೇಲಿನ ಹೆಸರು ಕಡಿದರೆ ಆ ಹೆಸರಿನವನ ಆಯುಷ್ಯ ಕಡಿದಂತೆ ಎಂದು ಅವನ ನಂಬಿಕೆ. ಗಿರಾಕಿಗಳು ಅವನಿಗಿಂತ ಹೆಚ್ಚು ನಂಬುತ್ತಿದ್ದರು. ಒಮ್ಮೆ ನಾನು ಜಾಣತನ ಮಾಡಲು ಹೋಗಿ ಒಂದು ಅಕ್ಷರ ಉಜ್ಜಿದ್ದಕ್ಕೆ ಬಿಸಿ ಇಕ್ಕಳದಿಂದಲೇ ಮುಂಗೈಗೆ ಬಾರಿಸಿದ್ದ. ಆ ಕಲೆ ಇನ್ನೂ ಇದೆ.

ಟ್ರಾಲಿಯ ಮಾತು ಬಿಡಿ, ಮನೆಯ ಪಾತ್ರೆಗಳದೂ ಅದೇ ಕಥೆ. ದುರ್ಗದಬೈಲಿನ ಭಾಂಡೆ ಅಂಗಡಿಯಲ್ಲಿ ತಂಬಿಗೆ ಕೊಂಡರೆ ಅಲ್ಲೇ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿಕೊಂಡೇ ಮನೆಗೆ ತರುವುದು. ಸತ್ತುಹೋದ ಅಜ್ಜಿಯ ಹೆಸರಿನ ಕೊಡದಲ್ಲಿ ಮೊಮ್ಮಗನ ಹೆಂಡತಿ ನೀರು ತುಂಬುತ್ತಾಳೆ. ಪಾತ್ರೆ ತೂತು ಬಿದ್ದರೆ ಗುಜರಿಗೆ ಹೋಗುತ್ತದೆಯೇ ಹೊರತು ಅದರ ಮೇಲಿನ ಹೆಸರನ್ನು ಯಾರೂ ಉಜ್ಜುವುದಿಲ್ಲ.

ನನ್ನ ಗೆಳೆಯನ ಬಳಿ ಅಂಥದೊಂದು ಸ್ಟೀಲಿನ ಗಂಗಾಳವಿತ್ತು. ಮದುವೆಯಲ್ಲಿ ಅತ್ತೆಯ ಮನೆಯವರು ಅಳಿಯನಿಗೆ ಕೊಟ್ಟ ಊಟದ ತಾಟು, ಅಂಚಿನ ಕಂಠದ ಮೇಲೆ ಅವನ ಹೆಸರು. ಅವನು ಶಿರಗುಪ್ಪಿಯವನು, ಹುಬ್ಬಳ್ಳಿಯ ಖಾನಾವಳಿಯಲ್ಲಿ ಅಡುಗೆಯವನಾಗಿದ್ದ. ನಾನು ಹಡಗಿನ ಕೆಲಸಕ್ಕೆ ಸೇರಿದ ಮೇಲೆ ಅವನನ್ನೂ ಎಳೆದುಕೊಂಡು ಹೋದೆ. ಮೀನಿನ ವಾಸನೆ ಕಾಣದ ಲಿಂಗಾಯತರ ಮನೆಯವ ಹಡಗಿನಲ್ಲಿ ಬುಟ್ಟಿಗಟ್ಟಲೆ ಮೀನು ಹುರಿಯುತ್ತಿದ್ದ, ಊರಲ್ಲಿ ಬಾಯಿ ಬಿಡಬೇಡವೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಎಲ್ಲರಿಗೂ ಬಡಿಸಿ, ಕೈ ಮೂರು ಸಲ ತೊಳೆದು, ತನಗೆಂದು ಎರಡು ರೊಟ್ಟಿ ಬಡಿದುಕೊಂಡು ಆ ಗಂಗಾಳದಲ್ಲಿ ಉಣ್ಣುತ್ತಿದ್ದ. ನಾನು ಎದುರು ಕೂತರೆ ಒಂದು ರೊಟ್ಟಿ ನನಗೆ.

ಹಡಗು ಮಾರಾಟವಾದದ್ದು ಒಂದು ಬಂದರಿನ ಹೊರಗೆ ಲಂಗರು ಹಾಕಿದ್ದಾಗ. ಕೊಂಡವರು ಯಾವ ಜಗಳದಲ್ಲೂ ಇಲ್ಲದ ಒಂದು ಸಣ್ಣ ದೇಶದವರು. ಬಾವುಟ ಬದಲಾಯಿತು, ಹೆಸರು ಬದಲಾಗಬೇಕಿತ್ತು. ಹಡಗಿನ ಹೆಸರು ಬರೀ ಬಣ್ಣದ್ದಲ್ಲ. ಅಕ್ಷರಗಳ ಅಂಚಿಗೆ ಬೆಸುಗೆಯ ಏಣು, ಅಂದರೆ ಉಬ್ಬುಗೆರೆ, ಎಬ್ಬಿಸಿ, ಅದರೊಳಗೆ ಬಣ್ಣ ತುಂಬಿರುತ್ತಾರೆ. ಹಳೆಯ ಏಣನ್ನು ಗ್ರೈಂಡರಿನಿಂದ ಕಡಿದು ಸಪಾಟು ಮಾಡು, ಆಮೇಲೆ ಹೊಸದನ್ನು ಎಬ್ಬಿಸು ಎಂದು ಕ್ಯಾಪ್ಟನ್ ನನಗೆ ಹೇಳಿದ. ಹಲಗೆಗೆ ಹಗ್ಗ ಕಟ್ಟಿ ನನ್ನನ್ನು ಹಡಗಿನ ಮೂತಿಯ ಮುಂದೆ ಇಳಿಬಿಟ್ಟರು. ಕಾಲ ಕೆಳಗೆ ಸಮುದ್ರ, ಬೆನ್ನ ಮೇಲೆ ಕೆಂಡದಂಥ ಬಿಸಿಲು.

ಗ್ರೈಂಡರ್ ಚಾಲೂ ಮಾಡಿ ಮೊದಲ ಅಕ್ಷರದ ಹತ್ತಿರ ಒಯ್ದೆ. ಕೈ ಮುಂದೆ ಹೋಗಲಿಲ್ಲ. ಅಬ್ಬಾನ ಇಕ್ಕಳ ನೆನಪಾಯಿತು ಎನ್ನಲೇ, ಬಿಸಿಲಿಗೆ ಬೇಸತ್ತೆ ಎನ್ನಲೇ? ಎರಡೂ ನಿಜ. ಮೇಲೆ ಹಡಗಿನ ಅಂಚಿನ ಕಟಕಟೆಗೆ ಒರಗಿ ಗೆಳೆಯ ಮಜ್ಜಿಗೆ ಹಿಡಿದು ನಿಂತಿದ್ದ.

“ಯಾಕೋ, ಕಡ್ಯೂದಿಲ್ಲೇನು?”

“ಕಡದ್ರ ಅಬ್ಬಾ ಗೋರಿಯಿಂದ ಎದ್ದ ಬರ್ತಾನ.”

ಅವನು ನಕ್ಕ. “ಹೌದ ಬಿಡು. ಹೆಸರು ಕಡೀಬಾರದು,” ಎಂದ.

ಅವನೂ ಹಾಗೆಂದ ಎಂದು ಹೇಳಿ ಅರ್ಧ ಭಾರ ಅವನ ಮೇಲೆ ಹಾಕಬಹುದು. ಹಾಕುವುದಿಲ್ಲ. ಗ್ರೈಂಡರ್ ಇದ್ದದ್ದು ನನ್ನ ಕೈಯಲ್ಲಿ. ಏಣುಗಳ ಮೇಲೆ ಲಪ್ಪ ಮೆತ್ತಿ, ಎರಡು ಸಲ ಬಣ್ಣ ಎಳೆದು, ಹೊಸ ಹೆಸರನ್ನು ತುಸು ಕೆಳಗೆ ಎಬ್ಬಿಸಿದೆ. ನೋಡಿದರೆ ಹಳೆಯದು ಕಾಣುತ್ತಿರಲಿಲ್ಲ. ಮೇಲೆ ಬಂದು, “ಕಡಿದೆ ಸರ್,” ಎಂದು ಕ್ಯಾಪ್ಟನ್‌ಗೆ ಹೇಳಿ ಮಜ್ಜಿಗೆ ಕುಡಿದೆ.

ಎರಡು ತಿಂಗಳ ಮೇಲೆ ಹಳೆಯ ಮಾಲೀಕರ ದೇಶ ಯುದ್ಧಕ್ಕಿಳಿಯಿತು. ನಮಗೂ ಅದಕ್ಕೂ ಈಗ ಸಂಬಂಧವಿರಲಿಲ್ಲ. ನಮ್ಮ ಹಡಗಿನ ಹೊಟ್ಟೆಯಲ್ಲಿ ಇದ್ದದ್ದು ಗೋಧಿ. ಆದರೂ ಯುದ್ಧ ನಡೆದಿದ್ದ ಸಮುದ್ರ ದಾಟುವಾಗ ಪ್ರತಿಯೊಬ್ಬರೂ ಒಂದು ಚೀಲ ಕಟ್ಟಿ ಜೀವರಕ್ಷಕ ದೋಣಿಯಲ್ಲಿ ಇಡಬೇಕೆಂದು ಕ್ಯಾಪ್ಟನ್ ಹೇಳಿದ. ಪಾಸ್‌ಪೋರ್ಟು, ನೀರು, ಔಷಧಿ. ಗೆಳೆಯ ತನ್ನ ಚೀಲಕ್ಕೆ ಗಂಗಾಳ ಹಾಕಿದ.

“ಜೀವಾ ಉಳಿಸ್ಕೊಳ್ಳಾಕ ಗಂಗಾಳ ಬೇಕೇನಲೇ?” ಎಂದು ಕಾಡಿಸಿದೆ.

“ಜೀವಾ ಉಳದ್ರ ಉಣ್ಣಾಕ ಬೇಕಲ್ಲೋ,” ಎಂದ.

ಮರುದಿನ ಸಂಜೆ ನಾನು ಹಡಗು ನಡೆಸುವ ಮೇಲಿನ ಕೋಣೆಯಲ್ಲಿ ಕಿಟಕಿಯ ಚಿಲಕ ರಿಪೇರಿ ಮಾಡುತ್ತಿದ್ದೆ. ಹಳೆಯ ಮಾಲೀಕರ ದೇಶದ ವೈರಿಗಳ ಮೂರು ವೇಗದ ದೋಣಿಗಳು ಎದುರಿನಿಂದ ಬಂದು ನಮ್ಮ ಮುಂದೆ ಸುತ್ತು ಹಾಕತೊಡಗಿದವು. ಪ್ರತಿಯೊಂದರಲ್ಲೂ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಐದಾರು ಜನ, ಮುಂದೆ ದೊಡ್ಡ ಬಂದೂಕು. ಸೂರ್ಯ ಇಳಿದು ಬೆಳಕು ಹಡಗಿನ ಮೈಗೆ ಅಡ್ಡಲಾಗಿ ಬೀಳುತ್ತಿತ್ತು. ಅಂಥ ಬೆಳಕಿನಲ್ಲಿ ಸಾರಿಸಿದ ಗೋಡೆಯ ಸಣ್ಣ ಉಬ್ಬೂ ನೆರಳು ಬಿಟ್ಟು ಕಾಣುತ್ತದೆ. ಅದು ನನಗೆ ಹೊಳೆಯಲಿಲ್ಲ.

ರೇಡಿಯೋದಲ್ಲಿ ಒಂದು ದನಿ ಹಡಗಿನ ಹೆಸರು ಕೇಳಿತು. ಕ್ಯಾಪ್ಟನ್ ಹೊಸ ಹೆಸರು ಹೇಳಿದ, ಬಾವುಟದ ದೇಶ ಹೇಳಿದ, ಗೋಧಿ ಎಂದ. ಆ ದನಿ ಸುಳ್ಳು ಎಂದಿತು. ನಿಮ್ಮ ಮೂತಿಯ ಮೇಲೆ ಬಣ್ಣದ ಕೆಳಗೆ ಇನ್ನೊಂದು ಹೆಸರಿದೆ, ನಾವು ಓದುತ್ತಿದ್ದೇವೆ, ಎಂದಿತು. ಹಳೆಯ ಹೆಸರನ್ನು ಸ್ಪಷ್ಟವಾಗಿ ಓದಿಯೂ ಹೇಳಿತು.

ಕ್ಯಾಪ್ಟನ್ ರೇಡಿಯೋವನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದ. “ಹಳೆಯದನ್ನು ಕಡಿದಿದ್ದೀಯಲ್ಲ?” ಎಂದು ಕೇಳಿದ.

ಇಲ್ಲ ಸರ್, ಇದೆ, ಅದು ಮಾರುವ ಮೊದಲಿನ ಹೆಸರು, ಅವರಿಗೆ ಹಾಗೇ ಹೇಳಿ ಎಂದಿದ್ದರೆ ಸಾಕಾಗಿತ್ತು. ಅಷ್ಟು ಹೇಳಲು ಸಮಯವಿತ್ತು. ನಾನು, “ಕಡಿದೀನಿ ಸರ್,” ಎಂದೆ. ಬೈಸಿಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ, ಅಷ್ಟೇ.

ಕ್ಯಾಪ್ಟನ್ ನನ್ನನ್ನು ನಂಬಿದ. ನಮ್ಮ ಹಡಗಿನ ಮೇಲೆ ಬೇರೆ ಯಾವ ಹೆಸರೂ ಇಲ್ಲ, ದೇವರಾಣೆ ಇಲ್ಲ, ಎಂದು ರೇಡಿಯೋದಲ್ಲಿ ಹೇಳಿದ. ಕಣ್ಣಾರೆ ಓದುತ್ತಿದ್ದವರಿಗೆ ಆ ಮಾತು ಹೇಗೆ ಕೇಳಿಸಿರಬೇಕು! ರೇಡಿಯೋ ಸುಮ್ಮನಾಯಿತು.

ಮೊದಲ ಗುಂಡುಗಳಿಗೆ ಕಿಟಕಿಗಳೆಲ್ಲ ಪುಡಿಯಾದವು. ಕ್ಯಾಪ್ಟನ್‌ನ ಭುಜ ಹರಿದು ರಕ್ತ ಗೋಡೆಗೆ ಸಿಡಿಯಿತು. ಚುಕ್ಕಾಣಿ ಹಿಡಿದವನು ಕುತ್ತಿಗೆ ಒತ್ತಿಕೊಂಡು ಕುಸಿದ, ಬೆರಳುಗಳ ಸಂದಿನಿಂದ ರಕ್ತ ಚಿಮ್ಮುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಂತಿತು. ಅವನು ಮತ್ತೆ ಅಲ್ಲಾಡಲಿಲ್ಲ. ನಾನು ಗಾಜಿನ ಮೇಲೆ ತೆವಳಿಕೊಂಡು ಮೆಟ್ಟಿಲ ಕಡೆ ಹೋದೆ. ಕಬ್ಬಿಣದ ಗೋಡೆಗಳಿಗೆ ಗುಂಡು ಬಡಿಯುವ ಸದ್ದಿಗೆ ಹಲ್ಲುಗಳು ಅದುರುತ್ತಿದ್ದವು. ಆಮೇಲೆ ಒಂದು ರಾಕೆಟ್ ಹಿಂಬದಿಗೆ ಬಿತ್ತು. ನೆಲ ಎದ್ದು ನನ್ನ ಗದ್ದಕ್ಕೆ ಬಡಿಯಿತು. ಬಾಯಿ ತುಂಬ ರಕ್ತ, ಕಿವಿಯಲ್ಲಿ ಕುಯ್ಯೆನ್ನುವ ಸದ್ದು, ಮೂಗಿಗೆ ಸುಟ್ಟ ಎಣ್ಣೆ. ಅಡುಗೆಮನೆ ಅಲ್ಲೇ ಇತ್ತು.

ಹೊಗೆಯೊಳಗೆ ನೆಲ ಹಿಡಿದುಕೊಂಡು ಹೋದೆ. ಅಡುಗೆಮನೆಯ ಒಂದು ಗೋಡೆಯೇ ಇರಲಿಲ್ಲ, ಅಲ್ಲಿಂದ ಸಮುದ್ರ ಕಾಣುತ್ತಿತ್ತು. ಮೀನು ಹುರಿಯುವ ಎಣ್ಣೆ ಮಗುಚಿ ನೆಲವೆಲ್ಲ ಉರಿಯುತ್ತಿತ್ತು. ಗೆಳೆಯ ಸ್ಟೀಲಿನ ಮೇಜಿನ ಕೆಳಗೆ ಸಿಕ್ಕಿಬಿದ್ದಿದ್ದ, ಸೊಂಟದವರೆಗೆ ಬೆಂಕಿ. ಅವನು ಕಿರುಚುತ್ತಿದ್ದ ಎಂದು ಬಾಯಿ ನೋಡಿ ತಿಳಿಯಿತು, ನನಗೆ ಕಿವಿ ಕೇಳುತ್ತಿರಲಿಲ್ಲ. ಬೆಂಕಿಯ ಮೇಲೆ ಗೋಣಿತಾಟು ಎಸೆದು, ಮೇಜನ್ನು ಬೆನ್ನಿನಿಂದ ಎತ್ತಿ, ಅವನ ತೋಳು ಹಿಡಿದು ಎಳೆದೆ. ತೋಳಿನ ಚರ್ಮ ಕುಪ್ಪಸದ ತೋಳಿನಂತೆ ಕಳಚಿ ನನ್ನ ಕೈಗೆ ಬಂತು. ಬಿಟ್ಟುಬಿಟ್ಟೆ. ನಾನು ಒಂದು ಗಳಿಗೆ ಅವನನ್ನು ಬಿಟ್ಟುಬಿಟ್ಟೆ, ಗೋಡೆಗೆ ಒರಗಿ ವಾಂತಿ ಮಾಡಿಕೊಂಡೆ. ಆಮೇಲೆ ಕಂಕುಳಲ್ಲಿ ಕೈ ಹಾಕಿ ಹೊರಗೆಳೆದೆ.

ದೋಣಿ ಕೆಳಗಿಳಿಯುವ ಹೊತ್ತಿಗೆ ಹಡಗಿನ ಮುಂಭಾಗಕ್ಕೂ ಬೆಂಕಿ ಹತ್ತಿತ್ತು. ನಾವು ಹದಿನಾಲ್ಕು ಜನ. ಹೊಡೆದವರು ಸ್ವಲ್ಪ ದೂರದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಗೆಳೆಯ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು, ಚಳಿ ಎನ್ನುತ್ತಿದ್ದ. ನನ್ನ ಒಂದು ಕಿವಿಗೆ ಸ್ವಲ್ಪ ಕೇಳಿಸತೊಡಗಿತ್ತು.

“ನಾವು ಅವರಲ್ಲಂತ ಹೇಳ್ಲಿಲ್ಲೇನೋ ಇವರಿಗೆ?” ಎಂದು ಕೇಳಿದ.

“ಹೇಳಿದ್ವೋ. ಕೇಳಲಿಲ್ಲ,” ಎಂದೆ.

ಒಂದು ತಾಸು ಬದುಕಿದ್ದ. ಬೇರೆ ಹಡಗು ಬಂದು ನಮ್ಮನ್ನು ಎತ್ತಿಕೊಂಡಾಗ ಅವನ ಬಾಯಿ ತೆರೆದೇ ಇತ್ತು, ನಾನೇ ಮುಚ್ಚಿದೆ. ಚೀಲಗಳನ್ನು ಇಳಿಸುವಾಗ ಅವನದರೊಳಗೆ ಗಂಗಾಳ ಟಣ್ ಎಂದಿತು.

ಶಿರಗುಪ್ಪಿಗೆ ಪೆಟ್ಟಿಗೆ ಬಂತು. ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಪೆಟ್ಟಿಗೆಯ ಮುಚ್ಚಳ ತೆಗೆಯಬೇಡಿ ಎಂದು ಜೊತೆಗೆ ಬಂದವರು ಹೇಳಿದ್ದರು, ಹಿರಿಯರೊಬ್ಬರು ಹಟ ಹಿಡಿದು ತುಸು ಎತ್ತಿ ನೋಡಿ ತಾವೇ ಮುಚ್ಚಿದರು. ಕೂರಿಸುವಂತಿರಲಿಲ್ಲ. ಅವನನ್ನು ಮಲಗಿಸಿಯೇ ಮಣ್ಣು ಮಾಡಿದರು. ಅದಕ್ಕೆ ಅವನ ಹೆಂಡತಿ ಎದೆ ಬಡಿದುಕೊಂಡದ್ದನ್ನು ನಾನು ದೂರದಿಂದ ನೋಡಿದೆ. ಪಾಸ್‌ಪೋರ್ಟು, ಬಟ್ಟೆ ಕೊಟ್ಟೆ. ಗಂಗಾಳ ಕೊಡಲಿಲ್ಲ. ಆ ಹೆಸರು ಹಿಡಿದು ಅವಳ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಚಹಾದಂಗಡಿಯ ಹೊಡೆದಾಟದ ಮರುದಿನ ಬೆಳಿಗ್ಗೆ ಅವಳ ಫೋನು ಬಂತು. ಅವಳು ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. “ಅಣ್ಣಾರ, ಗಿರಣ್ಯಾಗ ಕಾಳು ಹಾಕೋ ಡಬ್ಬಿ ಕಾಲು ಮುರದೈತ್ರಿ. ಬಂದು ಬೆಸಗಿ ಹಾಕಿ ಕೊಡ್ತೀರೇನ್ರಿ?” ಎಂದಳು. ವೆಲ್ಡಿಂಗ್ ಮಶೀನು, ಗ್ರೈಂಡರ್ ಗಾಡಿಗೆ ಕಟ್ಟಿಕೊಂಡು, ಗಂಗಾಳವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ.

ಕಾಲು ಹಚ್ಚಿ ಕೊಟ್ಟೆ. ಅವಳು ನೀರು ಕೊಟ್ಟಳು. ಕೈ ಹಿಟ್ಟಿನಿಂದ ಬೆಳ್ಳಗಿತ್ತು. ಟವೆಲು ಬಿಚ್ಚಿ ಗಂಗಾಳ ಮುಂದಿಟ್ಟೆ. ಅವಳು ಅದರ ಕಂಠದ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು:

“ಒಂದ್ ಮಾತ ಕೇಳ್ತೇನ್ರಿ ಅಣ್ಣಾರ. ವಿಡಿಯೋ ನೋಡೇನ್ರಿ ನಾ. ನಿಮ್ಮ ಹಡಗಿನ ಮ್ಯಾಲ ಬ್ಯಾರೇ ಹೆಸರು ಹೆಂಗ ಬಂತ್ರಿ?”

ಹೇಳಿದೆ. ಹಲಗೆಯ ಮೇಲೆ ಕೂತದ್ದು, ಅಬ್ಬಾನ ಮಾತು, ಲಪ್ಪ, ಬಣ್ಣ, ಎಲ್ಲ ಹೇಳಿದೆ. ಕ್ಯಾಪ್ಟನ್ ಕೇಳಿದಾಗ ಸುಳ್ಳು ಹೇಳಿದ್ದನ್ನೂ ಹೇಳಿದೆ. “ನಾ ಖರೇ ಹೇಳಿದ್ರ ಅಂವಾ ಉಳೀತಿದ್ದ ತಂಗೆವ್ವ,” ಎಂದೆ.

ಗಂಗಾಳ ಬಂದದ್ದು ಕಾಣಲಿಲ್ಲ. ಅದರ ಕಂಠ ನನ್ನ ಹುಬ್ಬಿನ ಮೇಲೆ ಬಡಿದು ಕಣ್ಣಿಗೆ ಕತ್ತಲೆ ಬಂತು. ಎರಡನೆಯ ಏಟು ಕಿವಿಗೆ, ಮೂರನೆಯದು ಹೆಗಲಿಗೆ. ನಾನು ಕೈ ಅಡ್ಡ ಹಿಡಿಯಲಿಲ್ಲ. ಅವಳು ಏದುಸಿರು ಬಿಡುತ್ತ ನಿಂತಳು. ನನ್ನ ಹುಬ್ಬಿನಿಂದ ಹಿಟ್ಟಿನ ನೆಲದ ಮೇಲೆ ರಕ್ತ ಹನಿಯುತ್ತಿತ್ತು.

“ಹೆಸರು ಕಡದ್ರ ಏನಾಕ್ಕೈತಿ? ಹೇಳು,” ಎಂದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ.

ಅವಳು ಗಂಗಾಳವನ್ನು ನನ್ನ ಕಾಲ ಬಳಿ ಒಗೆದು ಗ್ರೈಂಡರಿನ ಕಡೆ ಬೆರಳು ತೋರಿಸಿದಳು.

“ಅಲ್ಲಿ ಕಡೀಲಿಲ್ಲ. ಇಲ್ಲಿ ಕಡಿ. ನನ್ನ ಕಣ್ಣ ಮುಂದ ಕಡಿ.”

“ತಂಗೆವ್ವ, ಇದು ಅವನ ಹೆಸರು.”

“ಹೌದು. ಕಡಿ.”

ಗಂಗಾಳವನ್ನು ಪಾದದಿಂದ ಒತ್ತಿ ಹಿಡಿದೆ. ಗ್ರೈಂಡರ್ ಚಾಲೂ ಮಾಡಿದೆ. ಕೈ ಅವತ್ತಿನಂತೆಯೇ ತಡೆಯಿತು. ಅವಳು ಕದಲಲಿಲ್ಲ. ಒತ್ತಿದೆ. ಕಿಡಿಗಳು ಹಾರಿ ನನ್ನ ಪಾದ ಸುಟ್ಟವು. ಮೊದಲ ಅಕ್ಷರದ ಚುಕ್ಕೆಗಳು ಹೋದವು, ಎರಡನೆಯದು ಹೋಯಿತು, ಉಳಿದವೂ ಹೋದವು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಹಡಗಿನದಾದರೆ ಅರ್ಧ ದಿನ ಹಿಡಿಯುತ್ತಿತ್ತೇನೋ.

ಯಂತ್ರ ಆರಿಸಿದೆ. ಅವಳು ಬಗ್ಗಿ ಗಂಗಾಳ ಎತ್ತಿಕೊಂಡಳು. ಅದಿನ್ನೂ ಸುಡುತ್ತಿತ್ತು, ಸೆರಗಿನಿಂದ ಹಿಡಿದುಕೊಂಡಳು. ಹೆಸರಿದ್ದಲ್ಲಿ ಒಂದು ಹೊಳೆಯುವ ಗೀರು ಮಾತ್ರ ಇತ್ತು. ಹೊರಗೆ ಯಾರೋ ಜೋಳದ ಡಬ್ಬಿ ತಂದು ಕಟ್ಟೆಯ ಮೇಲಿಟ್ಟು, ಗಿರಣಿ ಚಾಲೂ ಐತೇನ್ರಿ ಎಂದು ಕೂಗಿದರು.

ಅವಳು ನನ್ನನ್ನೇ ನೋಡುತ್ತಿದ್ದಳು.

“ಕಡದಿ. ಏನರ ಆತೇನು?”

“ಇಲ್ಲ ತಂಗೆವ್ವ,” ಎಂದೆ. “ಏನೂ ಆಗ್ಲಿಲ್ಲ.”